ಹಾಜರಿ ಪುಸ್ತಕದ ಆಚೆಗೆ: ಶಾಸನಸಭೆಯ ಕೆಲಸವನ್ನು ಅಳೆಯುವುದು ಹೇಗೆ?

ಓದುಗರ ಪ್ರಶ್ನೆ: ನಾವು ಕೆಲವು ಸಮಾನಾಸಕ್ತರು ಸೇರಿ ನಮ್ಮ ರಾಜ್ಯದ ಶಾಸಕರು ಸದನದಲ್ಲಿ ಏನು ಮಾಡುತ್ತಾರೆ ಎಂಬುದನ್ನು ಅಧಿವೇಶನದಿಂದ ಅಧಿವೇಶನಕ್ಕೆ ದಾಖಲಿಸಬೇಕೆಂದುಕೊಂಡಿದ್ದೇವೆ. ಹಾಜರಾತಿಯ ಶೇಕಡಾವಾರು, ಕೇಳಿದ ಪ್ರಶ್ನೆಗಳ ಸಂಖ್ಯೆ, ಅಂಗೀಕಾರವಾದ ವಿಧೇಯಕಗಳ ಸಂಖ್ಯೆ ಇಷ್ಟನ್ನು ಕೂಡಿಸಿ, ಪ್ರತಿಯೊಬ್ಬರಿಗೂ ನೂರಕ್ಕೆ ಇಂತಿಷ್ಟು ಅಂಕ ಕೊಟ್ಟು ಪಟ್ಟಿ ಪ್ರಕಟಿಸುವ ಯೋಚನೆಯಿದೆ. ಈ ಕ್ರಮ ಸರಿಯೇ? ಮಾಹಿತಿಯನ್ನು ಎಲ್ಲಿಂದ ಪಡೆಯಬೇಕು? ಹಕ್ಕುಚ್ಯುತಿಯ, ಅಂದರೆ ಸದನದ ವಿಶೇಷ ಹಕ್ಕುಗಳಿಗೆ ಧಕ್ಕೆ ತಂದ ಆರೋಪದ, ತೊಡಕು ಬರಬಹುದೇ?

ಉತ್ತರ: ನೀವು ಹೇಳಿದ ಮೂರೂ ಮಾಹಿತಿಗಳನ್ನು ತಪ್ಪದೆ ಸಂಗ್ರಹಿಸಿ, ಆದರೆ ಅವುಗಳನ್ನು ಕೂಡಿಸಿ ಒಂದೇ ಅಂಕವಾಗಿ ಮಾಡಬೇಡಿ. ಅವು ಬೇರೆ ಬೇರೆ ಸಂಗತಿಗಳನ್ನು ಹೇಳುತ್ತವೆ, ಮತ್ತು ಅವುಗಳ ಹಿಂದಿರುವ ಹಲವು ತೀರ್ಮಾನಗಳು ಯಾವುದೇ ಒಬ್ಬ ಶಾಸಕರ ಕೈಯಲ್ಲಿ ಇರುವುದಿಲ್ಲ. ಸದನ ಎಷ್ಟು ದಿನ ಸೇರಬೇಕು, ಯಾವ ವಿಧೇಯಕ ಯಾವ ದಿನ ಬರಬೇಕು, ಅದಕ್ಕೆ ಎಷ್ಟು ಹೊತ್ತು ಮೀಸಲಿಡಬೇಕು ಎಂಬುದನ್ನು ಸರ್ಕಾರ, ಕಾರ್ಯಕಲಾಪ ಸಲಹಾ ಸಮಿತಿ ಮತ್ತು ಸಭಾಧ್ಯಕ್ಷರು ತೀರ್ಮಾನಿಸುತ್ತಾರೆ. ಹಿಂದಿನ ಸಾಲಿನ ಸದಸ್ಯರೊಬ್ಬರು ಆ ತೀರ್ಮಾನಗಳ ಒಳಗೆ ಕೆಲಸ ಮಾಡುತ್ತಾರೆ. ಆದ್ದರಿಂದ ಅಳತೆ ಮೊದಲು ಸದನದ ಮೇಲೆ ನಡೆಯಬೇಕು, ಆಮೇಲೆ ಸದಸ್ಯರ ಕಡೆಗೆ ಬರಬೇಕು. ಈ ಕ್ರಮವನ್ನು ತಿರುಗಿಸಿದರೆ, ಸದನವನ್ನು ಸೇರಿಸದೆ ಇರುವ ಸರ್ಕಾರ ತಪ್ಪಿಸಿಕೊಳ್ಳುತ್ತದೆ, ಸೇರಿದ ಕೆಲವೇ ದಿನಗಳಲ್ಲಿ ಒಂದು ದಿನ ಬಾರದ ಶಾಸಕರು ಸಿಕ್ಕಿಬೀಳುತ್ತಾರೆ.

ಸದನ ಸೇರಿದ ದಿನಗಳನ್ನೇ ನೋಡಿ. ಸಂವಿಧಾನದ 174ನೇ ಅನುಚ್ಛೇದ ಕೇಳುವುದು ಬಹಳ ಕಡಿಮೆ: ಒಂದು ಅಧಿವೇಶನದ ಕೊನೆಯ ಬೈಠಕ್ಕಿಗೂ ಮುಂದಿನ ಅಧಿವೇಶನದ ಮೊದಲ ಬೈಠಕ್ಕಿಗೂ ನಡುವೆ ಆರು ತಿಂಗಳ ಅಂತರ ಇರಬಾರದು, ಅಷ್ಟೇ. ವರ್ಷಕ್ಕೆ ಇಷ್ಟು ದಿನ ಸೇರಲೇಬೇಕು ಎಂಬ ಮಾತು ಅಲ್ಲಿಲ್ಲ. ಕನ್ನಡ ನಾಡಿನವರೇ ಆದ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯನವರ ಅಧ್ಯಕ್ಷತೆಯಲ್ಲಿ ಸಂವಿಧಾನದ ಕಾರ್ಯನಿರ್ವಹಣೆಯನ್ನು ಪರಿಶೀಲಿಸಿ 2002ರಲ್ಲಿ ವರದಿ ಕೊಟ್ಟ ರಾಷ್ಟ್ರೀಯ ಆಯೋಗವು, 70ಕ್ಕಿಂತ ಕಡಿಮೆ ಸದಸ್ಯರಿರುವ ಶಾಸನಸಭೆಗಳು ವರ್ಷಕ್ಕೆ ಕನಿಷ್ಠ 50 ದಿನ, ಉಳಿದವು ಕನಿಷ್ಠ 90 ದಿನ ಸೇರಬೇಕೆಂದು ಶಿಫಾರಸು ಮಾಡಿತು. ಕರ್ನಾಟಕ ವಿಧಾನಮಂಡಲವಂತೂ 2005ರಲ್ಲಿ ತಾನೇ ಒಂದು ಅಧಿನಿಯಮ ಮಾಡಿಕೊಂಡು ವರ್ಷಕ್ಕೆ ಕನಿಷ್ಠ 60 ದಿನ ಸೇರಬೇಕೆಂದು ಬರೆದುಕೊಂಡಿತು. ನೆರೆಯ ಪಾಕಿಸ್ತಾನದ ಸಂವಿಧಾನ ಪ್ರಾಂತೀಯ ಶಾಸನಸಭೆಗಳಿಗೆ ವರ್ಷಕ್ಕೆ 100 ದಿನಗಳ ಕನಿಷ್ಠ ಮಿತಿಯನ್ನೇ ವಿಧಿಸಿದೆ.

ವಾಸ್ತವ ಏನಾಗಿದೆ? ಶಾಸನಸಭೆಗಳ ಕೆಲಸವನ್ನು 2005ರಿಂದ ದಾಖಲಿಸುತ್ತ ಬಂದಿರುವ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಸಂಸ್ಥೆಯ ಲೆಕ್ಕದ ಪ್ರಕಾರ 2022ರಲ್ಲಿ 28 ರಾಜ್ಯಗಳ ವಿಧಾನಸಭೆಗಳು ಸರಾಸರಿ 21 ದಿನ ಸೇರಿದವು. ಆ ವರ್ಷ ದೇಶದಲ್ಲೇ ಅತಿ ಹೆಚ್ಚು ದಿನ ಸೇರಿದ್ದು ಕರ್ನಾಟಕ ವಿಧಾನಸಭೆ, 45 ದಿನ. ದೇಶಕ್ಕೆ ಮೊದಲನೆಯದಾದ ಈ ಸದನ ತಾನೇ ಮಾಡಿಕೊಂಡ ಕಾನೂನಿಗೆ 15 ದಿನ ಕಡಿಮೆ ಬಿತ್ತು. ಈಗ ನಿಮ್ಮ ಶೇಕಡಾವಾರಿಗೆ ಬನ್ನಿ. ಆ ವರ್ಷ ಒಬ್ಬ ಶಾಸಕರು ಶೇಕಡಾ 80ರಷ್ಟು ಹಾಜರಿದ್ದರು ಎಂದಿಟ್ಟುಕೊಳ್ಳೋಣ. ಅಂದರೆ 36 ದಿನ. ಸದನ ಕಾನೂನಿನಂತೆ 60 ದಿನ ಸೇರಬೇಕಿತ್ತು ಎಂದು ಲೆಕ್ಕ ಹಾಕಿದರೆ ಅದೇ 36 ದಿನ ಶೇಕಡಾ 60 ಆಗುತ್ತದೆ. ಆ ಇಳಿಕೆಗೆ ಶಾಸಕರು ಹೊಣೆಯಲ್ಲ, ಸದನವನ್ನು ಕರೆಯದವರು ಹೊಣೆ. ನಿಮ್ಮ ಪಟ್ಟಿಯ ಮೊದಲ ಸಾಲಿನಲ್ಲಿ ಸೇರಬೇಕಿದ್ದ ದಿನಗಳು, ಸೇರಿದ ದಿನಗಳು ಮತ್ತು ಕಲಾಪ ನಿಜವಾಗಿ ನಡೆದ ಗಂಟೆಗಳು ಇರಲೇಬೇಕು. ಬೆಳಿಗ್ಗೆ ಸೇರಿ, ಸಂತಾಪ ಸೂಚಿಸಿ, ಗದ್ದಲವಾಗಿ ಮುಂದಕ್ಕೆ ಹೋದ ದಿನವೂ ಲೆಕ್ಕದಲ್ಲಿ ಒಂದು ದಿನವೇ ಆಗುತ್ತದೆ. ದಿನ ಮತ್ತು ಗಂಟೆ ಎರಡನ್ನೂ ಬರೆದುಕೊಂಡರೆ ಮಾತ್ರ ಅಂತಹ ದಿನ ಕಣ್ಣಿಗೆ ಬೀಳುತ್ತದೆ.

ಇನ್ನು ಹಾಜರಾತಿ. ಜನರಿಗೆ ಅತ್ಯಂತ ಬೇಗ ಅರ್ಥವಾಗುವ ಅಳತೆ ಇದು, ಮತ್ತು ಅತ್ಯಂತ ದುರ್ಬಲವಾದ ಅಳತೆಯೂ ಇದೇ. ಹಾಜರಿ ಪುಸ್ತಕ ಮುಖ್ಯವಾಗಿ ದಿನಭತ್ಯೆಯ ಲೆಕ್ಕಕ್ಕೆ ಬೇಕಾದ ದಾಖಲೆ. ಸದಸ್ಯರು ಆ ದಿನ ಬಂದು ಸಹಿ ಹಾಕಿದರು ಎಂಬುದನ್ನಷ್ಟೇ ಅದು ಹೇಳುತ್ತದೆ. ಸಹಿ ಹಾಕಿ ಹತ್ತು ನಿಮಿಷದಲ್ಲಿ ಹೊರಟವರೂ, ರಾತ್ರಿಯವರೆಗೆ ಕುಳಿತು ಅನುದಾನ ಬೇಡಿಕೆಗಳ ಮೇಲೆ ಮಾತನಾಡಿದವರೂ ಅಲ್ಲಿ ಸಮಾನರು. ಸಭಾತ್ಯಾಗ ಮಾಡಿದವರು ಹಾಜರು, ಸದನದ ಬಾವಿಗಿಳಿದು ಇಡೀ ದಿನ ಧರಣಿ ಕುಳಿತವರೂ ಹಾಜರು. ಈ ಕೊರತೆ ನಮ್ಮಲ್ಲಿ ಮಾತ್ರ ಇರುವುದಲ್ಲ. ಸಹಿ ಹಾಕಿ ದಿನಭತ್ಯೆ ಪಡೆದು ಹೊರಟುಹೋಗುವ ಅಭ್ಯಾಸದ ಬಗ್ಗೆ ಯುರೋಪಿಯನ್ ಸಂಸತ್ತಿನಲ್ಲಿ ದೊಡ್ಡ ಟೀಕೆ ಎದ್ದಿತ್ತು. ಮತದಾನದ ದಿನಗಳಲ್ಲಿ ಹೆಸರು ಹಿಡಿದು ದಾಖಲಿಸುವ ಮತದಾನಗಳ ಪೈಕಿ ಅರ್ಧಕ್ಕಿಂತ ಹೆಚ್ಚನ್ನು ತಪ್ಪಿಸಿಕೊಂಡವರ ದಿನಭತ್ಯೆಯನ್ನು ಅರ್ಧಕ್ಕೆ ಇಳಿಸುವ ನಿಯಮ ಅಲ್ಲಿದೆ. ಬ್ರಿಟನ್ನಿನ ಕಾಮನ್ಸ್ ಸಭೆಯಾದರೋ ಸದಸ್ಯರ ಹಾಜರಾತಿಯ ದಾಖಲೆಯನ್ನೇ ಇಡುವುದಿಲ್ಲ. ಕರ್ನಾಟಕ ವಿಧಾನಸಭೆಯಲ್ಲಿ 2024ರಲ್ಲಿ ಸದಸ್ಯರು ಬಂದ ಮತ್ತು ಹೋದ ಸಮಯವನ್ನು ಗುರುತಿಸುವ ಕೃತಕ ಬುದ್ಧಿಮತ್ತೆಯ ಕ್ಯಾಮೆರಾ ವ್ಯವಸ್ಥೆಯನ್ನು ತರಲಾಯಿತು. ಸದನದ ಒಳಗಿದ್ದ ಅವಧಿಯನ್ನು ಅಂತಹ ವ್ಯವಸ್ಥೆ ತೋರಿಸಬಲ್ಲದು, ಆದ್ದರಿಂದ ಆ ಮಾಹಿತಿಯನ್ನು ಪ್ರತಿ ಅಧಿವೇಶನದ ನಂತರ ಸಾರ್ವಜನಿಕರ ಮುಂದಿಡಬೇಕೆಂದು ಕೇಳುವುದು ನಿಮ್ಮಂಥ ಗುಂಪು ಮಾಡಬಹುದಾದ ಅತ್ಯಂತ ನ್ಯಾಯವಾದ ಬೇಡಿಕೆ.

ಶೇಕಡಾವಾರು ಹಾಕುವಾಗ ಯಾರನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೀರಿ ಎಂಬುದರಲ್ಲಿ ಬಹಳ ಎಚ್ಚರಿಕೆ ಬೇಕು. ಲೋಕಸಭೆಯಲ್ಲಿ ಸಚಿವರು, ಸಭಾಧ್ಯಕ್ಷರು ಮತ್ತು ವಿರೋಧ ಪಕ್ಷದ ನಾಯಕರು ಹಾಜರಿ ಪುಸ್ತಕಕ್ಕೆ ಸಹಿ ಹಾಕಬೇಕಾಗಿಲ್ಲ. ನೀವು ನೋಡುತ್ತಿರುವ ಸದನದಲ್ಲಿ ಯಾರಿಗೆ ಈ ವಿನಾಯಿತಿ ಇದೆ ಎಂಬುದನ್ನು ಸಚಿವಾಲಯದಿಂದ ಲಿಖಿತವಾಗಿ ಕೇಳಿಕೊಳ್ಳಿ, ಇಲ್ಲದಿದ್ದರೆ ಪ್ರತಿದಿನ ಸದನದಲ್ಲಿದ್ದ ಸಚಿವರನ್ನು ಸೊನ್ನೆ ಹಾಜರಾತಿಯವರೆಂದು ಪ್ರಕಟಿಸುವ ಅನ್ಯಾಯ ನಿಮ್ಮಿಂದ ಆಗಬಹುದು. ಉಪಚುನಾವಣೆಯಲ್ಲಿ ಗೆದ್ದು ನಡುವೆ ಬಂದವರ ಲೆಕ್ಕ ಅವರು ಪ್ರಮಾಣವಚನ ಸ್ವೀಕರಿಸಿದ ದಿನದಿಂದ ಆರಂಭವಾಗಬೇಕು. ಅಮಾನತಾದವರನ್ನು ಗೈರುಹಾಜರಿಯವರ ಜೊತೆ ಸೇರಿಸಬಾರದು. 2021ರ ಜುಲೈನಲ್ಲಿ ಮಹಾರಾಷ್ಟ್ರ ವಿಧಾನಸಭೆ 12 ಶಾಸಕರನ್ನು ಒಂದು ವರ್ಷದ ಮಟ್ಟಿಗೆ ಅಮಾನತು ಮಾಡಿತು. ಆ ಅಧಿವೇಶನವನ್ನು ಮೀರಿದ ಅಮಾನತು ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ಅದನ್ನು ರದ್ದುಪಡಿಸಿತು. ಆ ನಡುವಿನ ಅಧಿವೇಶನಗಳಲ್ಲಿ ಅವರು ಬರಲಿಲ್ಲ ಎನ್ನುವುದು ನಿಜವಾದರೂ, ಅವರನ್ನು ಬರಗೊಡಲಿಲ್ಲ ಎನ್ನುವುದೇ ಪೂರ್ಣ ಸತ್ಯ. ಕಾಯಿಲೆಯಿಂದ ರಜೆ ಪಡೆದವರಿಗೂ ಪಟ್ಟಿಯಲ್ಲಿ ಪ್ರತ್ಯೇಕ ಗುರುತು ಬೇಕು.

ಗೈರುಹಾಜರಿಗೆ ರಾಜಕೀಯ ಅರ್ಥ ಇರುವ ಸಂದರ್ಭಗಳೂ ಇವೆ. 2019ರ ಜುಲೈ 23ರಂದು ಕರ್ನಾಟಕ ವಿಧಾನಸಭೆಯಲ್ಲಿ ವಿಶ್ವಾಸಮತದ ಪರವಾಗಿ 99, ವಿರುದ್ಧವಾಗಿ 105 ಮತಗಳು ಬಿದ್ದು ಸರ್ಕಾರ ಉರುಳಿತು. 224 ಚುನಾಯಿತ ಸ್ಥಾನಗಳ ಸದನದಲ್ಲಿ ಮತ ಹಾಕಿದವರು 204 ಮಂದಿ ಮಾತ್ರ, ಆ ದಿನದ ಫಲಿತಾಂಶವನ್ನು ನಿರ್ಧರಿಸಿದ್ದು ಬಾರದೆ ಉಳಿದವರು. ಸರಾಸರಿ ಶೇಕಡಾವಾರಿನಲ್ಲಿ ಆ ದಿನ ಉಳಿದೆಲ್ಲ ದಿನಗಳಂತೆ ಒಂದು ದಿನವಾಗಿ ಕರಗಿಹೋಗುತ್ತದೆ. ಹೀಗಾಗಿ ವಿಶ್ವಾಸಮತ, ಆಯವ್ಯಯದ ಮತದಾನ, ಮಹತ್ವದ ವಿಧೇಯಕಗಳ ಅಂಗೀಕಾರ ನಡೆದ ದಿನಗಳ ಹಾಜರಾತಿಯನ್ನು ಬೇರೆಯಾಗಿಯೇ ಬರೆದಿಡಿ. ಅಧಿವೇಶನದ ಮೊದಲ ದಿನ ಮತ್ತು ಕೊನೆಯ ದಿನ, ಬೆಳಗಿನ ಹೊತ್ತು ಮತ್ತು ಊಟದ ವಿರಾಮದ ನಂತರದ ಹೊತ್ತು, ಬೆಂಗಳೂರಿನ ಅಧಿವೇಶನ ಮತ್ತು ಬೆಳಗಾವಿಯ ಅಧಿವೇಶನ ಎಂದು ವಿಂಗಡಿಸಿ ನೋಡಿದರೆ, ವರ್ಷದ ಒಟ್ಟು ಸರಾಸರಿಯಲ್ಲಿ ಕಾಣದ ಏರಿಳಿತಗಳು ಕಾಣುತ್ತವೆ.

ಗೈರುಹಾಜರಾದವರಿಗೆ ಶಿಕ್ಷೆ ಇಲ್ಲವೇ ಎಂದು ನಿಮ್ಮ ಓದುಗರು ಖಂಡಿತ ಕೇಳುತ್ತಾರೆ. 190ನೇ ಅನುಚ್ಛೇದದ 4ನೇ ಖಂಡದ ಪ್ರಕಾರ ಸದನದ ಅನುಮತಿಯಿಲ್ಲದೆ 60 ದಿನಗಳ ಅವಧಿ ಎಲ್ಲ ಸಭೆಗಳಿಗೂ ಗೈರುಹಾಜರಾದ ಸದಸ್ಯರ ಸ್ಥಾನ ತೆರವಾಗಿದೆ ಎಂದು ಸದನ ಘೋಷಿಸಬಹುದು. ಆದರೆ ಅಧಿವೇಶನ ಮುಕ್ತಾಯವಾಗಿದ್ದ ಅವಧಿಯನ್ನೂ, ಸತತ ನಾಲ್ಕು ದಿನಗಳಿಗಿಂತ ಹೆಚ್ಚು ಕಾಲ ಸದನ ಮುಂದೂಡಿದ್ದ ಅವಧಿಯನ್ನೂ ಆ 60 ದಿನಗಳ ಲೆಕ್ಕಕ್ಕೆ ಸೇರಿಸುವಂತಿಲ್ಲ. ವರ್ಷಕ್ಕೆ 20 ದಿನ ಸೇರುವ ಸದನದಲ್ಲಿ ಇಡೀ ವರ್ಷ ಮುಖ ತೋರಿಸದವರ ಮೇಲೂ ಈ ಖಂಡವನ್ನು ಪ್ರಯೋಗಿಸುವುದು ಎಷ್ಟು ಕಷ್ಟವೆಂದು ನೀವೇ ಊಹಿಸಬಹುದು. ನಡುವೆ ಒಂದು ದಿನ ಬಂದು ಸಹಿ ಹಾಕಿದರೂ ಎಣಿಕೆ ಮುರಿಯುತ್ತದೆ. ಪಾಕಿಸ್ತಾನದಲ್ಲಿ ಈ ಮಿತಿ ಸತತ 40 ಬೈಠಕ್ಕುಗಳ ದಿನಗಳದ್ದು. ಕೋರಂ, ಅಂದರೆ ಸಭೆ ನಡೆಸಲು ಇರಲೇಬೇಕಾದ ಕನಿಷ್ಠ ಸದಸ್ಯರ ಸಂಖ್ಯೆಯ ವಿಚಾರವೂ ಹೀಗೆಯೇ ಸಡಿಲ. ನಮ್ಮಲ್ಲಿ 189ನೇ ಅನುಚ್ಛೇದದಂತೆ 10 ಮಂದಿ ಅಥವಾ ಸದನದ ಹತ್ತನೆಯ ಒಂದು ಭಾಗ, ಯಾವುದು ಹೆಚ್ಚೋ ಅಷ್ಟು ಸದಸ್ಯರಿದ್ದರೆ ಸಾಕು, ಪಾಕಿಸ್ತಾನದಲ್ಲಿ ನಾಲ್ಕನೆಯ ಒಂದು ಭಾಗ ಬೇಕು. ಹೀಗಾಗಿ 224 ಸದಸ್ಯರ ಕರ್ನಾಟಕ ವಿಧಾನಸಭೆಯಲ್ಲಿ 23 ಮಂದಿ, 75 ಸದಸ್ಯರ ವಿಧಾನ ಪರಿಷತ್ತಿನಲ್ಲಿ 10 ಮಂದಿ ಕುಳಿತು ಏಳು ಕೋಟಿಯಷ್ಟು ಜನರಿಗೆ ಅನ್ವಯಿಸುವ ಕಾನೂನನ್ನು ಅಂಗೀಕರಿಸಬಹುದು, ಅದು ಸಂಪೂರ್ಣ ಸಿಂಧು. ಕೋರಂ ಗಂಟೆ ಬಾರಿಸಿದ ಸಮಯ, ಕಾದ ನಿಮಿಷಗಳು, ಆಗ ನಡೆಯುತ್ತಿದ್ದ ವಿಷಯ ಇವನ್ನು ಬರೆದಿಡುವುದಕ್ಕೆ ಯಾವ ಗಣಿತವೂ ಬೇಕಿಲ್ಲ, ನೋಡುತ್ತ ಕುಳಿತವರ ಶ್ರದ್ಧೆ ಸಾಕು.

ಈಗ ಶಾಸನ ರಚನೆಗೆ ಬರುತ್ತೇನೆ. ನಿಮ್ಮ ಶ್ರಮದ ಹೆಚ್ಚಿನ ಪಾಲು ಇಲ್ಲಿಗೆ ಸಲ್ಲಬೇಕು ಎಂಬುದು ನನ್ನ ಒತ್ತಾಯ, ಏಕೆಂದರೆ ಶಾಸಕರನ್ನು ಶಾಸಕರೆಂದು ಕರೆಯುವುದಕ್ಕೆ ಕಾರಣವಾದ ಕೆಲಸ ಇದು, ಮತ್ತು ಇದರ ಬಗ್ಗೆಯೇ ಸಾರ್ವಜನಿಕರಿಗೆ ಅತಿ ಕಡಿಮೆ ತಿಳಿದಿದೆ.

ಅಂಗೀಕಾರವಾದ ವಿಧೇಯಕಗಳ ಸಂಖ್ಯೆ ಹೆಚ್ಚಿದ್ದರೆ ಸದನ ಚೆನ್ನಾಗಿ ಕೆಲಸ ಮಾಡಿದೆ ಎಂದು ಹೇಳಲಾಗದು. ಆ ಸಂಖ್ಯೆಯಲ್ಲಿ ಸರ್ಕಾರದ ವೆಚ್ಚಕ್ಕೆ ಹಣ ಒದಗಿಸಲು ಪ್ರತಿವರ್ಷ ಬಂದೇ ಬರುವ ಧನವಿನಿಯೋಗ ವಿಧೇಯಕಗಳಿರುತ್ತವೆ, ಒಂದೆರಡು ಪದ ಬದಲಿಸುವ ತಿದ್ದುಪಡಿಗಳಿರುತ್ತವೆ, ಬಳಕೆ ತಪ್ಪಿದ ಹಳೆಯ ಕಾನೂನುಗಳನ್ನು ಒಟ್ಟಿಗೆ ತೆಗೆದುಹಾಕುವ ನಿರಸನ ವಿಧೇಯಕವಿರುತ್ತದೆ. ಇವುಗಳ ಪಕ್ಕದಲ್ಲಿ ಒಂದು ನಗರದ ಇಡೀ ಆಡಳಿತವನ್ನು ಹೊಸದಾಗಿ ಕಟ್ಟುವ ವಿಧೇಯಕವೂ ಒಂದೇ ಎಣಿಕೆಯಾಗುತ್ತದೆ. ಆದ್ದರಿಂದ ಸಂಖ್ಯೆಯ ಬದಲು ಪ್ರತಿಯೊಂದು ವಿಧೇಯಕಕ್ಕೂ ಒಂದು ಸಣ್ಣ ಚರಿತ್ರೆಯನ್ನು ಬರೆಯಿರಿ. ಅದರ ಪ್ರತಿ ಸದಸ್ಯರ ಕೈಗೆ ಯಾವ ದಿನ ಸಿಕ್ಕಿತು, ಮಂಡನೆ ಯಾವ ದಿನ, ಪರ್ಯಾಲೋಚನೆ ಯಾವ ದಿನ, ಎಷ್ಟು ಮಂದಿ ಮಾತನಾಡಿದರು, ಎಷ್ಟು ನಿಮಿಷ ಚರ್ಚೆಯಾಯಿತು, ಯಾರಾದರೂ ತಿದ್ದುಪಡಿ ಸೂಚಿಸಿದರೇ, ಆ ತಿದ್ದುಪಡಿಯನ್ನು ಸಚಿವರು ಒಪ್ಪಿದರೇ, ಸಮಿತಿಗೆ ಹೋಯಿತೇ, ಅಂಗೀಕಾರವಾದಾಗ ಸದನದಲ್ಲಿ ಗದ್ದಲ ನಡೆಯುತ್ತಿತ್ತೇ ಎಂಬ ವಿವರಗಳು ಅದರಲ್ಲಿರಲಿ. ಮಂಡನೆಗೂ ಅಂಗೀಕಾರಕ್ಕೂ ನಡುವಿನ ದಿನಗಳೇ ಇದರಲ್ಲಿ ಮುಖ್ಯವಾದದ್ದು. ಪಿಆರ್‌ಎಸ್ ಪರಿಶೀಲನೆಯಂತೆ 2022ರಲ್ಲಿ ರಾಜ್ಯಗಳ ವಿಧೇಯಕಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಮಂಡನೆಯಾದ ದಿನವೇ ಅಥವಾ ಮರುದಿನ ಅಂಗೀಕಾರವಾದವು. ಇಂಗ್ಲಿಷಿನಲ್ಲೋ ಕನ್ನಡದಲ್ಲೋ ಐವತ್ತು ಪುಟಗಳಿರುವ ಕಾನೂನಿನ ಕರಡನ್ನು ಬೆಳಿಗ್ಗೆ ಕೈಗೆ ಕೊಟ್ಟು ಸಂಜೆ ಅದರ ಮೇಲೆ ಅಭಿಪ್ರಾಯ ಹೇಳಿ ಎಂದರೆ, ಎಷ್ಟೇ ಪ್ರಾಮಾಣಿಕರಾದ ಶಾಸಕರೂ ಏನು ಹೇಳಿಯಾರು?

ಒಂದೇ ಸದನ, ಒಂದೇ ತಿಂಗಳಲ್ಲಿ ಎರಡು ರೀತಿ ನಡೆದುಕೊಂಡ ನಿದರ್ಶನ ನಮ್ಮ ಮುಂದೆಯೇ ಇದೆ. ಗ್ರೇಟರ್ ಬೆಂಗಳೂರು ಆಡಳಿತ ವಿಧೇಯಕವನ್ನು 2024ರ ಜುಲೈನಲ್ಲಿ ಮಂಡಿಸಿದ ಬಳಿಕ ಉಭಯ ಸದನಗಳ ಜಂಟಿ ಸಮಿತಿಗೆ ಒಪ್ಪಿಸಲಾಯಿತು. ಸಮಿತಿ ಸಭೆಗಳನ್ನು ನಡೆಸಿ ವರದಿ ಕೊಟ್ಟ ನಂತರ 2025ರ ಮಾರ್ಚ್‌ನಲ್ಲಿ ಅದು ಅಂಗೀಕಾರವಾಯಿತು. ಆ ಕಾನೂನಿನ ಒಳಗಿನ ವಿಚಾರಗಳನ್ನು ಒಪ್ಪದವರು ಬೇಕಾದಷ್ಟು ಜನ ಇದ್ದಾರೆ, ಆದರೆ ಓದಲು, ಆಕ್ಷೇಪಿಸಲು, ತಿದ್ದಲು ತಿಂಗಳುಗಳ ಕಾಲಾವಕಾಶ ಇತ್ತೆಂಬುದನ್ನು ಅಲ್ಲಗಳೆಯುವಂತಿಲ್ಲ. ಅದೇ ಮಾರ್ಚ್ ತಿಂಗಳಲ್ಲಿ ಶಾಸಕರ ಮತ್ತು ಸಚಿವರ ವೇತನ ಹೆಚ್ಚಿಸುವ ವಿಧೇಯಕಗಳು ಗದ್ದಲದ ನಡುವೆ ಚರ್ಚೆಯಿಲ್ಲದೆ ಅಂಗೀಕಾರವಾದವು. ಸಂಖ್ಯೆಯನ್ನೇ ನೋಡುವ ಪಟ್ಟಿಯಲ್ಲಿ ಇವೆಲ್ಲವೂ ಸರಿಸಮಾನವಾದ ಸಾಧನೆಗಳಾಗಿ ನಿಲ್ಲುತ್ತವೆ. ನೀವು ಬರೆಯುವ ಚರಿತ್ರೆಯಲ್ಲಿ ಮಾತ್ರ ಅವುಗಳ ನಡುವಿನ ವ್ಯತ್ಯಾಸ ಉಳಿಯುತ್ತದೆ.

ಸದನಕ್ಕೆ ಬಾರದೆಯೇ ಕಾನೂನಾಗುವ ದಾರಿ ಸುಗ್ರೀವಾಜ್ಞೆ. 213ನೇ ಅನುಚ್ಛೇದದಂತೆ ಸದನ ಸೇರಿಲ್ಲದಾಗ ತುರ್ತು ಅಗತ್ಯಕ್ಕೆ ರಾಜ್ಯಪಾಲರು ಹೊರಡಿಸುವ ಸುಗ್ರೀವಾಜ್ಞೆ, ಸದನ ಮತ್ತೆ ಸೇರಿದ ಆರು ವಾರಗಳ ನಂತರ ಜಾರಿಯಲ್ಲಿ ಉಳಿಯುವುದಿಲ್ಲ. ಅದನ್ನು ಹೀಗೂ ದುರುಪಯೋಗಪಡಿಸಿಕೊಳ್ಳಬಹುದು ಎಂಬುದನ್ನು ದೇಶಕ್ಕೆ ತೋರಿಸಿಕೊಟ್ಟವರು ಪುಣೆಯ ಗೋಖಲೆ ಸಂಸ್ಥೆಯಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಿ. ಸಿ. ವಾಧ್ವಾ. ಬಿಹಾರದ ಭೂಹಿಡುವಳಿಯ ಅಧ್ಯಯನಕ್ಕೆಂದು ಸರ್ಕಾರಿ ರಾಜ್ಯಪತ್ರಗಳನ್ನು ಓದುತ್ತಿದ್ದಾಗ ಅದೇ ಸುಗ್ರೀವಾಜ್ಞೆಗಳು ಮತ್ತೆ ಮತ್ತೆ ಹೊರಬೀಳುತ್ತಿರುವುದನ್ನು ಅವರು ಗಮನಿಸಿದರು. ಹುಡುಕುತ್ತ ಹೋದಂತೆ, 1967ರಿಂದ 1981ರವರೆಗೆ ಬಿಹಾರದಲ್ಲಿ 256 ಸುಗ್ರೀವಾಜ್ಞೆಗಳನ್ನು ಮರುಹೊರಡಿಸುತ್ತ ಬಂದಿದ್ದಾರೆಂದೂ, ಅವುಗಳಲ್ಲಿ ಕೆಲವು 14 ವರ್ಷಗಳವರೆಗೂ ಶಾಸನಸಭೆಯ ಅಂಗೀಕಾರವಿಲ್ಲದೆ ಜೀವಂತವಾಗಿದ್ದವೆಂದೂ ಗೊತ್ತಾಯಿತು. ಅವರು ಅದನ್ನು ಪುಸ್ತಕವಾಗಿ ಪ್ರಕಟಿಸಿದರು, ಸುಪ್ರೀಂ ಕೋರ್ಟಿಗೆ ಹೋದರು. 1986ರ ಡಿಸೆಂಬರಿನಲ್ಲಿ ನ್ಯಾಯಾಲಯ ಇದನ್ನು ಸಂವಿಧಾನಕ್ಕೆ ಎಸಗಿದ ವಂಚನೆ ಎಂದು ಕರೆದು, ಅವರ ಸಂಶೋಧನೆಯನ್ನು ಮೆಚ್ಚಿ 10,000 ರೂಪಾಯಿ ವೆಚ್ಚವನ್ನು ಅವರಿಗೆ ಕೊಡಿಸಿತು. ಬಿಹಾರದ್ದೇ ಇನ್ನೊಂದು ಮೊಕದ್ದಮೆಯಲ್ಲಿ, 2017ರಲ್ಲಿ, ಸುಗ್ರೀವಾಜ್ಞೆಯನ್ನು ಸದನದ ಮುಂದಿಡುವುದು ಕಡ್ಡಾಯವೆಂದು ಏಳು ನ್ಯಾಯಮೂರ್ತಿಗಳ ಪೀಠ ಖಚಿತಪಡಿಸಿತು. ನೀವು ಕೈಗೊಳ್ಳಲಿರುವ ಕೆಲಸಕ್ಕೆ ಇದಕ್ಕಿಂತ ದೊಡ್ಡ ಮಾದರಿ ನನಗೆ ಕಾಣದು. ವಾಧ್ವಾ ಅವರು ಯಾವ ಶಾಸಕರಿಗೂ ಅಂಕ ಕೊಡಲಿಲ್ಲ. ಎಲ್ಲರಿಗೂ ಲಭ್ಯವಿದ್ದ, ಯಾರೂ ತಾಳ್ಮೆಯಿಂದ ಓದದ ರಾಜ್ಯಪತ್ರವನ್ನು ಸಾಲುಸಾಲಾಗಿ ಓದಿದರು. ನಿಮ್ಮ ದಾಖಲೆಯಲ್ಲಿ ಎರಡು ಅಧಿವೇಶನಗಳ ನಡುವೆ ಹೊರಟ ಸುಗ್ರೀವಾಜ್ಞೆಗಳು, ಅವುಗಳನ್ನು ಸದನದಲ್ಲಿ ಮಂಡಿಸಿದ ದಿನ, ಅವುಗಳ ಬದಲಿಗೆ ಬಂದ ವಿಧೇಯಕಗಳು ಇವಿಷ್ಟಕ್ಕೆ ಒಂದು ಪುಟ ಕಡ್ಡಾಯವಾಗಿ ಇರಲಿ.

ಸದಸ್ಯರ ವೈಯಕ್ತಿಕ ಕೆಲಸವನ್ನು ಅಳೆಯುವುದಕ್ಕೆ ಪ್ರಶ್ನೆಗಳು ಹಾಜರಾತಿಗಿಂತ ಉತ್ತಮ ಸಾಧನ, ಆದರೆ ಇಲ್ಲಿಯೂ ಎಣಿಕೆ ಮೋಸ ಮಾಡುತ್ತದೆ. ತಾಲ್ಲೂಕಿನ ಹೆಸರನ್ನಷ್ಟೇ ಬದಲಿಸಿ ಒಂದೇ ಪ್ರಶ್ನೆಯನ್ನು ಹಲವು ಇಲಾಖೆಗಳಿಗೆ ಕಳುಹಿಸಬಹುದು. ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಸಚಿವರು ಸದನದಲ್ಲೇ ಮೌಖಿಕವಾಗಿ ಉತ್ತರಿಸಬೇಕಾದ ಪ್ರಶ್ನೆ, ಪಟ್ಟಿಗೆ ಬರುವುದು ಚೀಟಿ ಎತ್ತುವಿಕೆಯ ಅದೃಷ್ಟವನ್ನೂ ಅವಲಂಬಿಸಿರುತ್ತದೆ. ತಮ್ಮ ಹೆಸರು ಕರೆದಾಗ ಸದಸ್ಯರು ಇದ್ದರೇ, ಉಪಪ್ರಶ್ನೆ ಕೇಳಿ ಸಚಿವರಿಂದ ಹೊಸ ಸಂಗತಿಯನ್ನೇನಾದರೂ ಹೊರತೆಗೆದರೇ, ಉತ್ತರ ಅದೇ ಅಧಿವೇಶನದಲ್ಲಿ ಬಂತೇ ಎಂಬುದನ್ನು ನೋಡಿ. ಉತ್ತರ ಬಾರದಿದ್ದರೆ ಅದು ಇಲಾಖೆಯ ಖಾತೆಗೆ ಸೇರಬೇಕಾದ ಲೋಪ. ಸಚಿವರು ಸದನದಲ್ಲಿ ಕೊಟ್ಟ ಭರವಸೆಗಳನ್ನು ಹಿಂಬಾಲಿಸಲು ಸರ್ಕಾರಿ ಭರವಸೆಗಳ ಸಮಿತಿಯೇ ಇದೆ, ಅದರ ವರದಿಗಳನ್ನು ಓದುವವರು ವಿರಳ. ಸಾರ್ವಜನಿಕ ಲೆಕ್ಕಪತ್ರ ಸಮಿತಿ, ಅಂದಾಜುಗಳ ಸಮಿತಿ, ಅಧೀನ ಶಾಸನ ಸಮಿತಿಗಳ ಕೆಲಸವೂ ಹಾಗೆಯೇ ಕ್ಯಾಮೆರಾದ ಕಣ್ಣಿಗೆ ಬೀಳದೆ ನಡೆಯುತ್ತದೆ. ಸದನದಲ್ಲಿ ವಿರಳವಾಗಿ ಮಾತನಾಡುವ ಶಾಸಕರೊಬ್ಬರು ಸಮಿತಿಯಲ್ಲಿ ಅತ್ಯಂತ ಶ್ರಮವಹಿಸಿ ದುಡಿಯುತ್ತಿರಬಹುದು. ಸಮಿತಿಯ ಸಭೆಗಳು ಮತ್ತು ವರದಿಗಳನ್ನು ಬಿಟ್ಟು ಮಾಡುವ ಯಾವ ಮೌಲ್ಯಮಾಪನವೂ ಅವರಿಗೆ ನ್ಯಾಯ ಒದಗಿಸಲಾರದು.

ಮತ ಹೇಗೆ ಹಾಕಿದರು ಎಂಬ ಆಧಾರದ ಮೇಲೆ ಸದಸ್ಯರನ್ನು ಅಳೆಯಲು ಹೋಗಬೇಡಿ. ನಮ್ಮ ಸದನಗಳಲ್ಲಿ ಬಹುತೇಕ ಎಲ್ಲವೂ ಧ್ವನಿಮತದಿಂದ ತೀರ್ಮಾನವಾಗುತ್ತದೆ. ಒಪ್ಪುವವರು ಹೌದು ಎನ್ನುತ್ತಾರೆ, ಒಪ್ಪದವರು ಇಲ್ಲ ಎನ್ನುತ್ತಾರೆ, ಯಾರು ಏನೆಂದರು ಎಂಬುದು ದಾಖಲಾಗುವುದಿಲ್ಲ. ಮತ ವಿಭಜನೆ ಆದಾಗಲೂ 1985ರ 52ನೇ ತಿದ್ದುಪಡಿಯಿಂದ ಬಂದ, ಪಕ್ಷಾಂತರವನ್ನು ನಿಷೇಧಿಸುವ ಹತ್ತನೆಯ ಅನುಸೂಚಿ ಇದೆ. ಪಕ್ಷದ ಸಚೇತಕಾಜ್ಞೆಗೆ (ವಿಪ್) ವಿರುದ್ಧವಾಗಿ ಮತ ಹಾಕಿದವರು ಸ್ಥಾನವನ್ನೇ ಕಳೆದುಕೊಳ್ಳಬಹುದು. ಹೀಗಿರುವಾಗ ಮತದಿಂದ ವೈಯಕ್ತಿಕ ನಿಲುವನ್ನು ಊಹಿಸುವುದು ತಪ್ಪು. ಮಾತು ಮತ್ತು ತಿದ್ದುಪಡಿಗಳಲ್ಲಿ ಮಾತ್ರ ಅವರ ಸ್ವಂತ ಬುದ್ಧಿಯ ಗುರುತು ಸಿಗುತ್ತದೆ. ಆಡಳಿತ ಪಕ್ಷದ ಸದಸ್ಯರೊಬ್ಬರು ತಮ್ಮದೇ ಸರ್ಕಾರದ ವಿಧೇಯಕಕ್ಕೆ ತಿದ್ದುಪಡಿ ತಂದದ್ದು ಕಂಡರೆ ಅದನ್ನು ವಿವರವಾಗಿ ಬರೆಯಿರಿ. ಅಂತಹ ಧೈರ್ಯ ಅಪರೂಪ, ಅದನ್ನು ಗುರುತಿಸುವುದು ನಿಮ್ಮ ಕರ್ತವ್ಯ.

ಮಾಹಿತಿಯ ಮೂಲಗಳ ವಿಚಾರ. ಸದನದ ದಿನದ ಕಾರ್ಯಕಲಾಪಗಳ ಪಟ್ಟಿ, ಲಘು ಪ್ರಕಟಣೆ (ಬುಲೆಟಿನ್), ಮಂಡನೆಯಾದ ವಿಧೇಯಕಗಳ ಪಠ್ಯ, ನಡವಳಿಗಳು, ನೇರ ಪ್ರಸಾರದ ದೃಶ್ಯಗಳು ಇವು ಮುಖ್ಯ ಆಕರಗಳು. ನಡವಳಿಗಳ ಅಂತಿಮ ಪಠ್ಯ ತಡವಾಗಿ ಬರುವುದರಿಂದ ನೇರ ಪ್ರಸಾರವನ್ನು ನೋಡಿ ಅಂದೇ ಟಿಪ್ಪಣಿ ಮಾಡಿಕೊಳ್ಳುವುದು ಒಳ್ಳೆಯದು, ಆದರೆ ಪ್ರಕಟಿಸುವ ಮುನ್ನ ಅಧಿಕೃತ ಪಠ್ಯದೊಂದಿಗೆ ತಾಳೆ ನೋಡಿ. ಹಾಜರಾತಿಯ ಪೂರ್ಣ ವಿವರ ಸಿಗದಿದ್ದರೆ ವಿಧಾನಸಭೆ ಮತ್ತು ವಿಧಾನ ಪರಿಷತ್ತಿನ ಸಚಿವಾಲಯಗಳಿಗೆ ಪ್ರತ್ಯೇಕವಾಗಿ ಮಾಹಿತಿ ಹಕ್ಕು ಅರ್ಜಿ ಹಾಕಿ, ಏಕೆಂದರೆ ಅವು ಎರಡು ಬೇರೆ ಸಾರ್ವಜನಿಕ ಪ್ರಾಧಿಕಾರಗಳು. 30 ದಿನಗಳಲ್ಲಿ ಉತ್ತರ ಬರಬೇಕು. ಶಾಸನಸಭೆಯ ಹಕ್ಕುಚ್ಯುತಿಯಾಗುವಂಥ ಮಾಹಿತಿಗೆ ಅಧಿನಿಯಮದ 8(1)(ಸಿ) ಪ್ರಕರಣ ವಿನಾಯಿತಿ ಕೊಟ್ಟಿದೆ. ಆ ಕಾರಣ ನೀಡಿ ಹಾಜರಿ ವಿವರವನ್ನು ನಿರಾಕರಿಸಿದರೆ, ಸಾರ್ವಜನಿಕ ಹಣದಿಂದ ಭತ್ಯೆ ಪಾವತಿಸಲು ಆಧಾರವಾದ ದಾಖಲೆಯನ್ನು ತೋರಿಸುವುದರಿಂದ ಸದನದ ಹಕ್ಕಿಗೆ ಯಾವ ಚ್ಯುತಿ ಬರುತ್ತದೆ ಎಂದು ಮೇಲ್ಮನವಿಯಲ್ಲಿ ಸೌಜನ್ಯದಿಂದ, ಆದರೆ ಪಟ್ಟು ಬಿಡದೆ ಕೇಳಿ.

ಹಕ್ಕುಚ್ಯುತಿಯ ಭಯದಿಂದ ಈ ಕೆಲಸವನ್ನು ಕೈಬಿಡಬೇಕಾಗಿಲ್ಲ, ಆದರೆ ಅದನ್ನು ಹಗುರವಾಗಿಯೂ ಕಾಣಬೇಡಿ. 1978ರ 44ನೇ ತಿದ್ದುಪಡಿಯಿಂದ ಬಂದ 361ಎ ಅನುಚ್ಛೇದವು ಸದನದ ಕಲಾಪದ ಬಹುಮಟ್ಟಿಗೆ ನಿಜವಾದ ವರದಿಯನ್ನು ದುರುದ್ದೇಶವಿಲ್ಲದೆ ಪ್ರಕಟಿಸಿದವರಿಗೆ ನ್ಯಾಯಾಲಯದ ಸಿವಿಲ್ ಮತ್ತು ಕ್ರಿಮಿನಲ್ ನಡವಳಿಗಳಿಂದ ರಕ್ಷಣೆ ನೀಡುತ್ತದೆ. ಅದು ಪತ್ರಿಕೆ ಮತ್ತು ಪ್ರಸಾರ ಮಾಧ್ಯಮಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಅನುಚ್ಛೇದ, ಹಾಗಾಗಿ ನಿಮ್ಮಂಥ ನಾಗರಿಕ ಗುಂಪು ಅದರ ಮೇಲೆಯೇ ಪೂರ್ತಿ ಭಾರ ಹಾಕಬಾರದು. ಕಡತದಿಂದ ತೆಗೆದುಹಾಕಿದ ಮಾತುಗಳನ್ನು ಎಂದೂ ಪ್ರಕಟಿಸಬೇಡಿ. ಬಿಹಾರ ವಿಧಾನಸಭೆಯ ಕಲಾಪದಿಂದ ತೆಗೆದುಹಾಕಿದ ಭಾಗವನ್ನು ಪ್ರಕಟಿಸಿದ ಪತ್ರಿಕೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1958ರಲ್ಲಿ ಸದನದ ಹಕ್ಕನ್ನೇ ಎತ್ತಿಹಿಡಿಯಿತು. 2017ರಲ್ಲಿ ಕರ್ನಾಟಕ ವಿಧಾನಸಭೆ ಶಾಸಕರ ವಿರುದ್ಧದ ಬರಹಗಳಿಗಾಗಿ ಇಬ್ಬರು ಪತ್ರಕರ್ತರಿಗೆ ಒಂದು ವರ್ಷದ ಸೆರೆವಾಸ ವಿಧಿಸಿದ್ದನ್ನೂ ನೆನಪಿಡಿ. ಈ ಅಧಿಕಾರದ ಎಲ್ಲೆಗಳನ್ನು ಕಾನೂನಿನಲ್ಲಿ ಸ್ಪಷ್ಟವಾಗಿ ಬರೆಯದೆ ಉಳಿಸಿಕೊಂಡಿರುವುದು ಪ್ರಜಾಪ್ರಭುತ್ವಕ್ಕೆ ಒಳ್ಳೆಯದಲ್ಲ ಎಂದು ನಾನು ನಂಬುತ್ತೇನೆ. ಅದು ಬದಲಾಗುವವರೆಗೆ ನಿಮಗೆ ಇರುವ ರಕ್ಷಣೆ ನಿಖರತೆ ಒಂದೇ. ವಿಶೇಷಣಗಳನ್ನು ಬಿಟ್ಟು ದಿನಾಂಕ, ಸಮಯ, ಕಲಾಪದ ವಿಷಯ, ಆಕರ ಇಷ್ಟನ್ನು ಬರೆಯಿರಿ.

ಪ್ರಕಟಿಸುವ ಕ್ರಮದ ಬಗ್ಗೆ ಒಂದು ಮಾತು. ಪ್ರತಿಯೊಬ್ಬ ಶಾಸಕರಿಗೂ ಅವರ ಪುಟವನ್ನು ಎರಡು ವಾರ ಮೊದಲೇ ಕಳುಹಿಸಿ, ತಪ್ಪಿದ್ದರೆ ತಿದ್ದಲು ಅವಕಾಶ ಕೊಡಿ, ಅವರ ವಿವರಣೆಯನ್ನು ಅವರದೇ ಮಾತಿನಲ್ಲಿ ಪಕ್ಕದಲ್ಲಿ ಹಾಕಿ. ಇದರಿಂದ ನಿಮ್ಮ ಅಂಕಿ ಅಂಶ ಗಟ್ಟಿಯಾಗುತ್ತದೆ, ಒಂದು ಪಕ್ಷದ ಪರ ಎಂಬ ಆರೋಪಕ್ಕೆ ಆಸ್ಪದ ಉಳಿಯುವುದಿಲ್ಲ. ಮೊದಲನೆಯವರು ಯಾರು, ಕೊನೆಯವರು ಯಾರು ಎಂಬ ಶ್ರೇಣಿಪಟ್ಟಿಯನ್ನು ಮಾಧ್ಯಮದವರು ಖಂಡಿತ ಕೇಳುತ್ತಾರೆ. ಅದನ್ನು ಕೊಡಬೇಡಿ. ಹಾಜರಾತಿಗೆ ಶೇಕಡಾ 30, ಪ್ರಶ್ನೆಗೆ ಶೇಕಡಾ 40 ಎಂದು ತೂಕ ಹಂಚುವುದಕ್ಕೆ ಯಾವ ಶಾಸ್ತ್ರೀಯ ಆಧಾರವೂ ಇಲ್ಲ. ತೂಕವನ್ನು ಸ್ವಲ್ಪ ಬದಲಿಸಿದರೆ ಹತ್ತನೆಯವರು ಎರಡನೆಯವರಾಗುತ್ತಾರೆ. ಅದಕ್ಕಿಂತ ಹೆಚ್ಚಿನ ಅಪಾಯವೆಂದರೆ, ಅಂಕ ಕೊಡುತ್ತಾರೆಂದು ಗೊತ್ತಾದೊಡನೆ ಅಂಕಕ್ಕಾಗಿ ಸಹಿ, ಅಂಕಕ್ಕಾಗಿ ಪ್ರಶ್ನೆ ಆರಂಭವಾಗುತ್ತದೆ. ವಿಧೇಯಕವನ್ನು ಓದಿ ತಿದ್ದುಪಡಿ ತರುವ ಕಷ್ಟದ ಕೆಲಸಕ್ಕೆ ಕೈಹಾಕುವವರು ಇನ್ನೂ ಕಡಿಮೆಯಾಗುತ್ತಾರೆ.

ಎಲ್ಲವನ್ನೂ ಒಮ್ಮೆಗೇ ಹಿಡಿಯುವುದಕ್ಕೆ ಹೋದರೆ ಗುಂಪು ಒಂದೇ ಅಧಿವೇಶನದಲ್ಲಿ ದಣಿಯುತ್ತದೆ. ಮೊದಲ ವರ್ಷ ಎರಡೇ ದಾಖಲೆಗಳನ್ನು ಪೂರ್ಣವಾಗಿ ಮಾಡಿ: ಸದನ ಸೇರಿದ ದಿನಗಳು ಮತ್ತು ಗಂಟೆಗಳದ್ದು ಒಂದು, ಪ್ರತಿ ವಿಧೇಯಕದ ಚರಿತ್ರೆ ಇನ್ನೊಂದು. ಇವೆರಡಕ್ಕೂ ಸಚಿವಾಲಯದ ಅನುಮತಿ ಬೇಕಿಲ್ಲ, ನೇರ ಪ್ರಸಾರ ಮತ್ತು ಸಾರ್ವಜನಿಕ ದಾಖಲೆಗಳು ಸಾಕು. ಹಾಜರಾತಿಯ ಮಾಹಿತಿ ಹಕ್ಕು ಅರ್ಜಿಯನ್ನು ಇದೇ ವೇಳೆಗೆ ಹಾಕಿಡಿ, ಮೇಲ್ಮನವಿಯವರೆಗೆ ಹೋದರೂ ವರ್ಷದೊಳಗೆ ಒಂದು ಹಂತಕ್ಕೆ ಬರುತ್ತದೆ. ಮುಂದಿನ ಅಧಿವೇಶನದ ದಿನಾಂಕ ಪ್ರಕಟವಾದ ದಿನವೇ ಕಾರ್ಯಕಲಾಪಗಳ ಪಟ್ಟಿಯನ್ನು ಇಳಿಸಿಕೊಂಡು, ಯಾರು ಯಾವ ಹೊತ್ತಿನ ಪ್ರಸಾರವನ್ನು ನೋಡಿ ಬರೆಯಬೇಕು ಎಂದು ನಿಮ್ಮೊಳಗೆ ಹಂಚಿಕೊಳ್ಳಿ. ಊಟದ ವಿರಾಮದ ನಂತರದ ಹೊತ್ತಿಗೆ ನಿಮ್ಮಲ್ಲಿ ಅತ್ಯಂತ ತಾಳ್ಮೆಯುಳ್ಳ ಇಬ್ಬರನ್ನು ಇಡಿ, ವಿಧೇಯಕಗಳು ಹೆಚ್ಚಾಗಿ ಅಂಗೀಕಾರವಾಗುವುದು ಆ ಹೊತ್ತಿನಲ್ಲಿಯೇ.